ಕೊಂಬು, ಕೊಂಬೆ, ಗೆವೈ

ಮಗಳು ಜರ್ಮನ್ ಕಲಿಯುತ್ತಿದ್ದಾಳೆ. ಮೊನ್ನೆ ಪುಸ್ತಕದಲ್ಲಿದ್ದ ಸಾರಂಗದ ಚಿತ್ರ ತೋರಿಸಿ, "ಅಪ್ಪಾ, ತಲೆ ಮೇಲಿರೋ ಇದಕ್ಕೆ ಗೆವೈ ಅಂತಾರೆ. ಕನ್ನಡದಲ್ಲಿ ಏನು?" ಅಂದಳು. ಕೊಂಬು ಅಂದೆ. "ಅದು ಎತ್ತಿಂದು. ಅವರಲ್ಲಿ ಎತ್ತಿಂದು ಹಾರ್ನ್, ಇದು ಗೆವೈ. ಬೇರೆ ಬೇರೆ!" ನನಗೆ ಸ್ವಲ್ಪ ಅವಮಾನವೇ ಆಯಿತೆನ್ನಿ.

ಅವಳು ಹೇಳಿದ್ದು ಸರಿಯೇ. ಎತ್ತಿನದು ಒಳಗೆ ಮೂಳೆ, ಮೇಲೆ ಉಗುರಿನಂಥ ಕವಚ. ಸಾಯುವ ತನಕ ಇರುತ್ತದೆ. ಚುಕ್ಕೆ ಜಿಂಕೆ, ಕಡವೆಗಳದ್ದು ಬರೀ ಮೂಳೆ, ಅದೂ ಗಂಡಿಗೆ ಮಾತ್ರ. ಉದುರಿ ಮತ್ತೆ ಹುಟ್ಟುತ್ತದೆ. (ಕೃಷ್ಣಮೃಗ ಎತ್ತಿನ ಪಕ್ಷ!) ನಮ್ಮ ದೊಡ್ಡಬಳ್ಳಾಪುರದ ಕಡೆ ಮಾತ್ರ ಎಲ್ಲವೂ ಕೊಂಬೇ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳ ತಲೆ ಮೇಲೆ ಹಿಂದಕ್ಕೆ ಬಾಗಿ ನಿಂತದ್ದೂ ಕೊಂಬು, ತಾತನ ನಡುಮನೆಯ ಗೋಡೆಗೆ ಹೊಡೆದಿದ್ದ ಜಿಂಕೆಯದೂ ಕೊಂಬು. ಕ ಅಕ್ಷರಕ್ಕೆ ಕೊಟ್ಟರೆ ಕು ಆಗುವುದೂ ಕೊಂಬೇ.

ಹಠಕ್ಕೆ ಬಿದ್ದು ಹುಡುಕಿದೆ. ಜರ್ಮನ್ನರ ಡೂಡೆನ್ ನಿಘಂಟಿನ ಪ್ರಕಾರ ಗೆವೈ ಬಂದದ್ದು ಮಧ್ಯಕಾಲದ 'ಗೆವೀಗೆ'ಯಿಂದ. ಅದರ ಮೂಲಾರ್ಥ ಏನು ಗೊತ್ತೇ? ಮರದ ಕೊಂಬೆಗಳು! ಮುಂದಿನ 'ಗೆ' ಗುಂಪನ್ನು ಸೂಚಿಸುತ್ತದೆ. ಬೆರ್ಗ್ ಅಂದರೆ ಬೆಟ್ಟ, ಗೆಬಿರ್ಗೆ ಅಂದರೆ ಬೆಟ್ಟಸಾಲು, ಹಾಗೆ.

ಕೊಂಬು... ಕೊಂಬೆ... ಇಷ್ಟು ದಿನ ಬಾಯಲ್ಲೇ ಇತ್ತಲ್ಲ! ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟಿನಲ್ಲಿ (1961) ಎರಡೂ ಒಂದೇ ಕಡೆ ಕೂತಿವೆ. ತಮಿಳಿನಲ್ಲಿ ಇವತ್ತಿಗೂ ಕೊಂಬು ಅಂದರೆ ಎರಡೂ ಹೌದು. ನಮ್ಮ 'ಕೋಡು' ಕೂಡ ಹಾಗೇ: ದನದ ಕೋಡು, ಆನೆಯ ದಂತ, ಮರದ ಕೊಂಬೆ, ಬೆಟ್ಟದ ತುದಿ, ಎಲ್ಲಕ್ಕೂ ಅದೊಂದೇ. ಸಾರಂಗದ ತಲೆಯಲ್ಲಿ ಮರ ಕಂಡದ್ದು ಜರ್ಮನ್ನರಿಗೆ ಮಾತ್ರ ಅಲ್ಲ ಅಂತಾಯಿತು. ಅವರ ಬೇಟೆಗಾರರೂ 'ರೇ' ಎಂಬ ಚಿಕ್ಕ ಜಿಂಕೆಯ ಗೆವೈಯನ್ನು 'ಗೆಹ್ಯೋರ್ನ್' ಅನ್ನುತ್ತಾರಂತೆ. ಅದರೊಳಗಿರುವುದು ಅದೇ ಹಾರ್ನ್! ಮಗಳಿಗೆ ಇದನ್ನು ಎರಡು ಸಲ ಹೇಳಿದೆ.

ಅಜ್ಜಿ ಗೋಡೆಯದನ್ನು 'ಮೂರು ಕವಲಿನ ಕೊಂಬು' ಅನ್ನುತ್ತಿದ್ದಳು. ದಾರಿಗೆ, ಹೊಳೆಗೆ, ಮರಕ್ಕೆ ಇರುವ ಅದೇ ಕವಲು. ಮಗಳು ಪುಸ್ತಕದಂಚಿನಲ್ಲಿ 'ಗೆವೈ = ಕವಲುಗೊಂಬು' ಎಂದು ಬರೆದುಕೊಂಡು, ಆ ಕೊಂಬು ಎಲ್ಲಿ ಅಂದಳು. ತೋರಿಸಲು ಈಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಬಂಧನಗಳು ಸುದ್ದಿಯಾದ ಮೇಲೆ ಚಿಕ್ಕಪ್ಪ ಅದನ್ನು ಬಿಚ್ಚಿ ಅರಣ್ಯ ಇಲಾಖೆಗೆ ಒಪ್ಪಿಸಿ ಬಂದರು. ಗೋಡೆಯಲ್ಲಿ ಎರಡು ಮೊಳೆ ಉಳಿದಿವೆ. ತಾತ ಕೊಂಬಿಗೆ ಹಾಕುತ್ತಿದ್ದ ಟವಲನ್ನು ಚಿಕ್ಕಪ್ಪ ಈಗ ಅವಕ್ಕೇ ನೇತುಹಾಕುತ್ತಾರೆ.