ಭೂಕಂಪವೂ ಗೃಹನಿರ್ಮಾಣವೂ

ಭೂಮಿಗೆ ಅಚಲೆಯೆಂದೂ ಸ್ಥಿರೆಯೆಂದೂ ಅಮರಕೋಶವು ಹೆಸರುಗಳನ್ನು ಹೇಳುತ್ತದೆ. ಅಚಲೆಯೆಂದು ನಂಬಿದವಳೇ ನಡುಗಿದಾಗ ಮನುಷ್ಯನಿಗಾಗುವ ಭಯವು ಇತರ ಭಯಗಳನ್ನು ಮೀರಿದುದು. ಆದುದರಿಂದಲೇ ಈ ನಡುಕಕ್ಕೆ ಕಾರಣವೇನೆಂಬ ಜಿಜ್ಞಾಸೆಯು ಬಹು ಪ್ರಾಚೀನವಾದುದು. ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಭೂಕಂಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಹಿಂದಿನ ಆಚಾರ್ಯರ ಮತಗಳನ್ನು ಸಂಗ್ರಹಿಸಿರುವನು. ಜಲದಲ್ಲಿ ವಾಸಿಸುವ ಮಹಾಪ್ರಾಣಿಗಳೇ ಕಾರಣವೆಂದು ಕೆಲವರು. ಭೂಭಾರದಿಂದ ಬಳಲಿದ ದಿಗ್ಗಜಗಳು ವಿಶ್ರಮಿಸಿಕೊಳ್ಳುವುದೇ ಕಾರಣವೆಂದು ಮತ್ತೆ ಕೆಲವರು. ಗಾಳಿಯು ಗಾಳಿಗೆ ತಾಗಿ ನೆಲಕ್ಕೆ ಬೀಳುವುದರಿಂದ ಎಂದು ಇನ್ನು ಕೆಲವರು. ಅದೃಷ್ಟವೇ, ಎಂದರೆ ಕಣ್ಣಿಗೆ ಕಾಣದ ಪುಣ್ಯಪಾಪಗಳೇ, ಕಾರಣವೆಂದು ಉಳಿದವರು.

ಈ ಕೊನೆಯ ಮತವು 20ನೆಯ ಶತಮಾನದಲ್ಲಿಯೂ ಮರಳಿ ಕೇಳಿಬಂದಿತು. 1934ನೆಯ ಜನವರಿ 15ರಂದು ಬಿಹಾರ ನೇಪಾಳಗಳಲ್ಲಿ ಭೂಮಿಯು ಕಂಪಿಸಿ 10,000ಕ್ಕೂ ಮಿಕ್ಕ ಜನರು ಮಡಿದಾಗ, ಅದು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೈವವು ವಿಧಿಸಿದ ದಂಡವೆಂದು ಗಾಂಧೀಜಿಯವರು ಹೇಳಿದರು. ಅಸ್ಪೃಶ್ಯತೆಯನ್ನು ತಾವೂ ಖಂಡಿಸುತ್ತಿದ್ದ ರವೀಂದ್ರನಾಥ ಠಾಕೂರರು ಇದನ್ನು ಒಪ್ಪಲಿಲ್ಲ. ಪ್ರಕೃತಿಯ ಉತ್ಪಾತಕ್ಕೆ ಪ್ರಕೃತಿಯಲ್ಲಿಯೇ ಕಾರಣವನ್ನು ಹುಡುಕಬೇಕೆಂದರು. ಅವರ ಆಕ್ಷೇಪವನ್ನು ಗಾಂಧೀಜಿಯವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ ಉತ್ತರವಿತ್ತರು. ಇಬ್ಬರು ಮಹನೀಯರ ಈ ವಾದದಲ್ಲಿ, ಜನರ ಮೇಲೆ ಬಿದ್ದ ಗೋಡೆಗಳ ಮಾತು ಮುಂದೆ ಬರಲಿಲ್ಲ.

ಪ್ರಕೃತಿಯಲ್ಲಿ ಕಾರಣವನ್ನು ಹುಡುಕಿದವರಿಗೆ ಅದು ಕ್ರಮಕ್ರಮವಾಗಿ ದೊರೆಯುತ್ತ ಬಂದಿತು. 1906ರಲ್ಲಿ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರವು ಭೂಕಂಪದಿಂದ ಹಾಳಾದಮೇಲೆ, ಅಲ್ಲಿಯ ನೆಲದ ಅಳತೆಗಳನ್ನು ಪರಿಶೀಲಿಸಿದ ಹ್ಯಾರಿ ರೀಡ್ ಎಂಬ ಪಂಡಿತನು 1910ರಲ್ಲಿ ತನ್ನ ಸಿದ್ಧಾಂತವನ್ನು ಮಂಡಿಸಿದನು. ಬಗ್ಗಿಸಿದ ಬೆತ್ತವು ತಾಳುವಷ್ಟು ತಾಳಿ ಕಡೆಗೆ ಮುರಿದು ಚಿಮ್ಮುವಂತೆ, ಭೂಗರ್ಭದ ಬಂಡೆಗಳು ದೀರ್ಘಕಾಲ ಒತ್ತಡವನ್ನು ಸಹಿಸಿ ಒಮ್ಮೆಗೇ ಬಿರುಕಿನ ಉದ್ದಕ್ಕೂ ಜಾರುವುವು. ಆ ಒತ್ತಡವು ಎಲ್ಲಿಂದ ಬರುವುದೆಂಬುದು 1960ರ ದಶಕದಲ್ಲಿ ಸ್ಪಷ್ಟವಾಯಿತು. ಭೂಮಿಯ ಹೊರಕವಚವು ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದ್ದು, ಅವು ಮೆಲ್ಲಮೆಲ್ಲನೆ ಸರಿಯುತ್ತಿರುವುವು. ಭರತಖಂಡವನ್ನು ಹೊತ್ತ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಾಭಿಮುಖವಾಗಿ ಸಾಗಿ ಏಷ್ಯಾದ ಫಲಕವನ್ನು ಒತ್ತುತ್ತಿದೆ. ಹಿಮಾಲಯದ ತಪ್ಪಲಿನಲ್ಲಿಯೂ ಪಶ್ಚಿಮದ ಬಲೂಚಿಸ್ಥಾನದಲ್ಲಿಯೂ ಭೂಕಂಪಗಳು ಮರಳಿ ಮರಳಿ ಸಂಭವಿಸುವುದಕ್ಕೆ ಇದೇ ಹೇತು.

ಆದರೆ ಬಂಡೆಯ ಜಾರಾಟವನ್ನು ತಡೆಯುವುದು ಮನುಷ್ಯನ ಕೈಲಾಗದು. ಮನೆಯನ್ನು ಬಿಗಿಯುವುದು ಆಗುವುದು. ಸಾಮಾನ್ಯವಾದ ಗೋಡೆಯು ಮೇಲಿನಿಂದ ಬರುವ ಭಾರವನ್ನು ಹೊರಲೆಂದು ಕಟ್ಟಿದುದು. ಭೂಕಂಪದಲ್ಲಿಯಾದರೋ ನೆಲವು ಅಡ್ಡಡ್ಡಲಾಗಿ ಎಳೆದಾಡುತ್ತದೆ. ಗೋಡೆಯು ಎಷ್ಟು ತೂಕವಾಗಿದೆಯೋ ಆ ಎಳೆತವೂ ಅಷ್ಟು ಹೆಚ್ಚು. ಮೂಲೆಗಳಲ್ಲಿ ಬಂಧವಿಲ್ಲದಿದ್ದರೆ ನಾಲ್ಕು ಗೋಡೆಗಳೂ ನಾಲ್ಕು ಕಡೆಗೆ ಬಿದ್ದು, ಚಾವಣಿಯು ಮಲಗಿದವರ ಮೇಲೆ ಕುಸಿಯುತ್ತದೆ.

ಈ ತತ್ತ್ವವನ್ನು ನಮ್ಮ ದೇಶದಲ್ಲಿ ಲೆಕ್ಕಕ್ಕೆ ತಂದು ಮನೆಗಳನ್ನು ಕಟ್ಟಿಸಿದವರು ಎಸ್. ಎಲ್. ಕುಮಾರ್ ಎಂಬ ತರುಣ ರೈಲ್ವೆ ಎಂಜಿನಿಯರರು. 1931ನೆಯ ಆಗಸ್ಟಿನಲ್ಲಿ ಬಲೂಚಿಸ್ಥಾನದ ಮಾಚ್ ಎಂಬಲ್ಲಿ ಭೂಕಂಪವಾಯಿತು. ಆ ಬಳಿಕ ರೈಲ್ವೆ ನೌಕರರಿಗಾಗಿ ಕ್ವೆಟ್ಟಾ ನಗರದಲ್ಲಿ ಹೊಸ ವಸತಿಗಳನ್ನು ಕಟ್ಟಬೇಕಾಗಿ ಬಂದಾಗ, ಕಟ್ಟಡದ ತೂಕದ ಹತ್ತರಲ್ಲೊಂದು ಪಾಲಿನಷ್ಟು ಬಲವು ಅಡ್ಡಲಾಗಿ ತಳ್ಳಿದರೂ ನಿಲ್ಲಬೇಕೆಂದು ಕುಮಾರರು ಗಣಿತಮಾಡಿ, ಕಬ್ಬಿಣದ ಕಂಬಿಗಳ ಚೌಕಟ್ಟಿನಿಂದ ಅವನ್ನು ಬಿಗಿಸಿದರು. 1933ರಲ್ಲಿ ತಮ್ಮ ವಿಧಾನವನ್ನು ವಿವರಿಸಿ ಪ್ರಬಂಧವನ್ನು ಬರೆದು, ದೇಶದ ಯಾವ ಪ್ರಾಂತಕ್ಕೆ ಎಷ್ಟು ಅಪಾಯವೆಂಬ ನಕ್ಷೆಯನ್ನೂ ಒದಗಿಸಿದರು.

ಪರೀಕ್ಷೆಯು ಬಹು ಬೇಗ ಬಂದಿತು. 1935ನೆಯ ಮೇ 31ರಂದು, ಬೆಳಗಿನ ಜಾವಕ್ಕೆ ಮುಂಚೆ, ಊರೆಲ್ಲ ನಿದ್ರೆಯಲ್ಲಿದ್ದಾಗ ಕ್ವೆಟ್ಟಾ ನಗರವು ನೆಲಸಮವಾಯಿತು. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 30,000 ಎಂದೂ ಅದಕ್ಕಿಂತ ಹೆಚ್ಚೆಂದೂ ಹೇಳುವರು. ಕಂಪನವು ಅತಿ ತೀವ್ರವಾಗಿದ್ದ ಭಾಗದಲ್ಲಿ ಕುಮಾರರ ರೈಲ್ವೆ ವಸತಿಗಳು ಮಾತ್ರ ಘಾಸಿಯಾಗದೆ ನಿಂತಿದ್ದುವು. ಅವು ಅರಮನೆಗಳಲ್ಲ, ಸಾಧಾರಣ ನೌಕರರ ಮನೆಗಳು. ನಗರವನ್ನು ಪುನಃ ಕಟ್ಟುವಾಗ ಈ ನಿದರ್ಶನವು ಕಣ್ಣೆದುರಿಗಿದ್ದಿತು. ಇಟ್ಟಿಗೆಗಳ ನಡುವೆ ಪೊಳ್ಳನ್ನು ಬಿಟ್ಟು, ಅದರಲ್ಲಿ ಕಬ್ಬಿಣದ ಸಲಾಕೆಯನ್ನು ನಿಲ್ಲಿಸಿ ಗಾರೆ ತುಂಬುವ ಪದ್ಧತಿಯು ಇಂದಿಗೂ ಲೋಕದಲ್ಲೆಲ್ಲ ‘ಕ್ವೆಟ್ಟಾ ಬಂಧ’ವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಇಷ್ಟಾದರೂ ತಿಳಿವಳಿಕೆಯು ಹಳ್ಳಿಗಳನ್ನು ಮುಟ್ಟಲಿಲ್ಲ. ಭಾರತ ಸರ್ಕಾರದ ಮಾನಕ ಸಂಸ್ಥೆಯು 1962ರಲ್ಲಿಯೇ ಭೂಕಂಪಕ್ಕೆ ತಕ್ಕ ನಿರ್ಮಾಣದ ನಿಯಮಗಳನ್ನು ಅಚ್ಚು ಹಾಕಿಸಿದ್ದಿತು. 1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ, ಕರ್ನಾಟಕದ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ನೆಲವು ನಡುಗಿತು. ಬಿಹಾರ ಕ್ವೆಟ್ಟಾಗಳಿಗೆ ಹೋಲಿಸಿದರೆ ಅದು ಸಣ್ಣ ಭೂಕಂಪವೇ. ಆದರೂ ಸುಮಾರು 8,000 ಜನರು ಮೃತರಾದರು. ಕಾರಣವು ಮನೆಗಳಲ್ಲಿತ್ತು. ಉಂಡೆಗಲ್ಲುಗಳನ್ನು ಕೆಸರಿನಲ್ಲಿ ಕೂಡಿಸಿದ ದಪ್ಪ ಗೋಡೆ, ಅದರ ಮೇಲೆ ಬಿಸಿಲಿನ ತಾಪವನ್ನು ತಡೆಯಲೆಂದು ಹೇರಿದ ಮಣ್ಣಿನ ಮಾಳಿಗೆ. ಬೀದರ, ಕಲಬುರಗಿಯ ಸೀಮೆಯಲ್ಲಿಯೂ ಅಂಥ ಮನೆಗಳು ಪರಿಚಿತವಾದುವೇ.

ಇದಕ್ಕೆ ಬೇಕಾದುದು ಹೆಚ್ಚಿನ ಧನವಲ್ಲ. ಗೋಡೆಯ ಒಳಮೈ ಹೊರಮೈಗಳನ್ನು ಕೂಡಿಸುವ ಉದ್ದಗಲ್ಲು, ಹಗುರವಾದ ಚಾವಣಿ, ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತಲೂ ಕಡಿಯದೆ ಹೋಗುವ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ. ಬಂಡಿಯ ಗಾಲಿಯನ್ನು ಕಬ್ಬಿಣದ ಪಟ್ಟೆಯು ಹಿಡಿಯುವಂತೆ ಅದು ಗೋಡೆಗಳನ್ನು ಹಿಡಿಯುತ್ತದೆ. ಮನೆ ಕಟ್ಟಿಸುವವರು ಆಯ, ದಿಕ್ಕು, ಮುಹೂರ್ತಗಳನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ ಮೇಸ್ತ್ರಿಯನ್ನು ಈ ಮೂರು ಮಾತು ಕೇಳಬೇಕು. ಅದೃಷ್ಟವೆಂದರೆ ಕಾಣದುದು, ಗೋಡೆಯ ಬಂಧವಾದರೋ ಕಟ್ಟುವಾಗ ಎಲ್ಲರ ಕಣ್ಣಿಗೂ ಕಾಣುವಂಥದು.