ಪಾಲ್ ಹಾಲಾದ ಬಗೆ: ಬಸದಿ ಶಾಸನಗಳು ಹೇಳುವ ಭಾಷೆಯ ಇತಿಹಾಸ

ಇಂದು ನಾವು ಹಾಲು, ಹೂ, ಹತ್ತು ಎನ್ನುತ್ತೇವೆ. ಹಳಗನ್ನಡದಲ್ಲಿ ಇವು ಪಾಲ್, ಪೂ, ಪತ್ತು ಎಂದಿದ್ದವು. ಸುಮಾರು 10ನೇ ಶತಮಾನದಿಂದ ಪದದ ಮೊದಲಲ್ಲಿ ಬರುವ ಪಕಾರ ಹಕಾರವಾಗತೊಡಗಿ, ಮುಂದಿನ ಕೆಲವು ಶತಮಾನಗಳಲ್ಲಿ ಅದೇ ರೂಢಿಯಾಯಿತು. ತಮಿಳಿನಲ್ಲಿ ಈಗಲೂ ಪಾಲ್, ಪೂ, ಪತ್ತು ಎಂದೇ ಇದೆ. ಹೀಗೆ ಸೋದರ ಭಾಷೆಗಳ ಪದಗಳನ್ನು ಹೋಲಿಸಿ, ಯಾವ ರೂಪ ಹಳೆಯದು ಎಂದು ವಿದ್ವಾಂಸರು ತಿಳಿಯುತ್ತಾರೆ. ಸಂಸ್ಕೃತದಿಂದ ಬಂದ ಪೂಜೆ, ಪುಣ್ಯ, ಪಾಪ ಮೊದಲಾದ ಪದಗಳಲ್ಲಿ ಪಕಾರ ಹಾಗೆಯೇ ಉಳಿಯಿತು.

ನಮ್ಮ 'ಬಸದಿ' ಎಂಬ ಪದವೂ ಇಂತಹ ಬದಲಾವಣೆಯ ಫಲ. ಸಂಸ್ಕೃತದ 'ವಸತಿ' ಪ್ರಾಕೃತದಲ್ಲಿ 'ವಸದಿ'ಯಾಗಿ, ಕನ್ನಡಕ್ಕೆ ಬಂದಾಗ ವಕಾರ ಬಕಾರವಾಗಿ 'ಬಸದಿ' ಆಯಿತು. 'ವಿದ್ಯೆ'ಗೆ ಹಳಗನ್ನಡದಲ್ಲಿ 'ಬಿಜ್ಜೆ' ಎಂಬ ರೂಪ ಇರುವುದೂ ಹೀಗೆಯೇ.

ಬದಲಾವಣೆ ಯಾವಾಗ ಆಯಿತು ಎಂದು ತಿಳಿಯಲು ಶಾಸನಗಳೇ ದೊಡ್ಡ ಆಧಾರ. ತಾಡವಾಲೆ ಗ್ರಂಥಗಳನ್ನು ಮತ್ತೆ ಮತ್ತೆ ಪ್ರತಿ ಮಾಡುವಾಗ ಲಿಪಿಕಾರರು ತಮ್ಮ ಕಾಲದ ರೂಪಗಳನ್ನು ಸೇರಿಸುವುದುಂಟು. ಕಲ್ಲಿನ ಅಕ್ಷರ ಹಾಗಲ್ಲ, ಕೆತ್ತಿದ ಕಾಲದಲ್ಲಿ ಇದ್ದಂತೆಯೇ ಇರುತ್ತದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಪಾದದ ಬಳಿಯ ಶಾಸನದಲ್ಲಿ 'ಮಾಡಿಸಿದಂ' ಎಂದಿದೆ. ಇಂದು ನಾವು 'ಮಾಡಿಸಿದನು' ಎನ್ನುತ್ತೇವೆ. ಬಿ.ಎಲ್. ರೈಸ್ ಅವರು 1889ರಲ್ಲಿ ಅಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ ಆ ಸಂಖ್ಯೆ 500ಕ್ಕೆ ಏರಿತು.

ಹಳಗನ್ನಡದ ೞ ಅಕ್ಷರ ಕ್ರಮೇಣ ಳಕಾರದಲ್ಲಿ ಬೆರೆತುಹೋಯಿತು. 'ಏೞು' ಈಗ 'ಏಳು'. ಯಾವ ಯಾವ ಪದಗಳಲ್ಲಿ ೞ ಬರಬೇಕು ಎಂಬ ಪಟ್ಟಿಯನ್ನು 13ನೇ ಶತಮಾನದ ಜೈನ ವೈಯಾಕರಣ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕೊಟ್ಟಿದ್ದಾನೆ. ಆ ಪದಗಳನ್ನು ಗುರುತಿಸಲು ಇಂದಿಗೂ ಆ ಪಟ್ಟಿ ನೆರವಾಗುತ್ತದೆ.

ಆದ್ದರಿಂದ ಹಳೆಯ ಬರಹದ ಒಂದೊಂದು ಅಕ್ಷರವೂ ಸಾಕ್ಷಿ. ಜೀರ್ಣೋದ್ಧಾರದ ಸಮಯದಲ್ಲಿ ಶಾಸನದ ಮೇಲೆ ಸುಣ್ಣ, ಬಣ್ಣ ಬಳಿದರೆ ಅಥವಾ ಅಕ್ಷರಗಳನ್ನು ಮತ್ತೆ ಕೆತ್ತಿಸಿದರೆ ಆ ಸಾಕ್ಷಿ ಹೋದಂತೆಯೇ. ಕೆಲಸ ಆರಂಭಿಸುವ ಮೊದಲು ಶಾಸನದ ಸ್ಪಷ್ಟ ಛಾಯಾಚಿತ್ರ ತೆಗೆದಿಡಬೇಕು. ಮನೆಯಲ್ಲಿರುವ ಓಲೆಗರಿಗಳನ್ನು ಪ್ರತಿ ಮಾಡುವಾಗ 'ತಪ್ಪು' ಎಂದು ಕಂಡದ್ದನ್ನು ತಿದ್ದದೆ, ಇದ್ದದ್ದನ್ನು ಇದ್ದಂತೆಯೇ ಬರೆದುಕೊಳ್ಳಬೇಕು. ಇಂದು ತಪ್ಪೆಂದು ತೋರುವ ಕಾಗುಣಿತ ಹಿರಿಯರು ಆಡಿದ ಕನ್ನಡವೇ ಆಗಿರಬಹುದು.