ಮಗ್ಗದ ಮನೆಯ ಮಂಡಿನೋವು

ಮಂಡಿ ಬದಲಿಸುವ ಆಪರೇಷನ್ನನ್ನು ಯಾವಾಗ ಮಾಡಿಸಿಕೊಳ್ಳಬೇಕು ಎಂಬ ಪ್ರಶ್ನೆ ದೊಡ್ಡಬಳ್ಳಾಪುರದಲ್ಲಿ ನಮ್ಮಮ್ಮನ ತಲೆಮಾರಿಗೆ ಇರಲೇ ಇಲ್ಲ. ಮಂಡಿನೋವು ಮಾತ್ರ ಮನೆಮನೆಯಲ್ಲೂ ಇತ್ತು. ಈ ಪ್ರಶ್ನೆ ನಮ್ಮೂರಿನ ಹೆಂಗಸರ ಬಾಯಿಗೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಬರೆದಿಡಬೇಕು ಅನ್ನಿಸಿದೆ.

ನಮ್ಮದು ನೇಯ್ಗೆಯ ಮನೆತನ. ನಮ್ಮ ತಾತ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾ ಲಾಳಿ ಹೊಡೆಯುತ್ತಿದ್ದರು. ಪವರ್‌ಲೂಮ್ ಬಂದ ಮೇಲೆ ನಮ್ಮಪ್ಪ ದಿನವಿಡೀ ನಿಂತರು. ಎಳೆ ಕಿತ್ತಾಗಲೆಲ್ಲ ಬಗ್ಗಿ ಗಂಟು ಹಾಕುವುದು, ಪಕ್ಕದ ಮಗ್ಗಕ್ಕೆ ಓಡುವುದು. ಅಮ್ಮ ಮಾತ್ರ ಎರಡೂ ಕಾಲದಲ್ಲಿ ನೆಲದ ಮೇಲೇ ಇದ್ದಳು. ಚಕ್ಕಳಮಕ್ಕಳ ಹಾಕಿ ಕಂಡಿಕೆ ಸುತ್ತುವುದು, ಕುಕ್ಕರುಗಾಲಲ್ಲಿ ಪಾತ್ರೆ ತಿಕ್ಕುವುದು, ಒಲೆಯ ಮುಂದೆ ಕೂತು ಮುದ್ದೆ ತಿರುವುವುದು. ಹೊಲವಿದ್ದ ನೆಂಟರ ಮನೆಯ ಹೆಂಗಸರು ರಾಗಿ ಹೊಲದಲ್ಲಿ ಕೂತೇ ಕಳೆ ಕೀಳುತ್ತಿದ್ದರು. ಮಂಡಿ ಸವೆಯುವುದಕ್ಕೆ ವಯಸ್ಸು, ಮೈತೂಕ, ವಂಶ, ಹಳೆಯ ಪೆಟ್ಟು ಎಲ್ಲವೂ ಕಾರಣ. ವರ್ಷಗಟ್ಟಲೆ ಮಂಡಿ ಪೂರ್ತಿ ಮಡಚಿ ಮಾಡುವ ಕೆಲಸವೂ ಅದಕ್ಕೆ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಒಳಬದಿಯ ಮೆತ್ತನೆಯ ಮೂಳೆ ಮೊದಲು ಸವೆದು ಕಾಲು ಬಿಲ್ಲಿನಂತೆ ಬಾಗುತ್ತದೆ. ಐವತ್ತು ದಾಟುವ ಹೊತ್ತಿಗೆ ಅಮ್ಮ ಅತ್ತಿತ್ತ ಓಲಾಡುತ್ತಾ ನಡೆಯುತ್ತಿದ್ದಳು.

ಅವಳಿಗಿದ್ದ ಔಷಧ ಇಷ್ಟೇ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಬಿಸಿಬಿಸಿಯಾಗಿ ಮಂಡಿಗೆ ಕಟ್ಟುವುದು. ಲಕ್ಕಿ ಸೊಪ್ಪು ಕುದಿಸಿದ ನೀರಿನ ಶಾಖ. ಆಮೇಲೆ ಅಂಗಡಿಯ ನೋವಿನ ಮಾತ್ರೆ. ಶಾಖಕ್ಕೆ ನೋವು ತಗ್ಗುತ್ತಿತ್ತು, ಆ ರಾತ್ರಿ ನಿದ್ದೆ ಬರುತ್ತಿತ್ತು. ಸವೆತ ಮಾತ್ರ ನಿಲ್ಲುತ್ತಿರಲಿಲ್ಲ. ಶಿವಗಂಗೆಗೆ ಹೋದಾಗ ಮೊದಮೊದಲು ಅವಳು ಬೆಟ್ಟದ ತುದಿಯವರೆಗೂ ಹತ್ತುತ್ತಿದ್ದಳು. ಮುಂದೆ ಒಳಕಲ್ಲು ತೀರ್ಥಕ್ಕೆ ನಿಂತಳು, ಆಮೇಲೆ ಗಂಗಾಧರೇಶ್ವರನ ಗುಡಿಗೆ, ಕೊನೆಗೆ ಮನೆಯಲ್ಲೇ ಉಳಿದಳು. ಕೇಳಿದವರಿಗೆಲ್ಲ ಮನೆಯವರ ಉತ್ತರ ಒಂದೇ: ‘ವಯಸ್ಸಾಯ್ತಲ್ಲ.’ ಆ ಮಾತಿನ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ಬೇರೆಡೆ ಸವೆದ ಕೀಲನ್ನೇ ಬದಲಿಸುವ ಕೆಲಸ ನಡೆದಿತ್ತು. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಸರ್ಜನ್ ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಬಟ್ಟಲು ಹಾಕಿ ನೋಡಿದರು. ಅದು ಬೇಗ ಸವೆದು ಹಾಳಾಯಿತು. 1962ರಲ್ಲಿ ಗಟ್ಟಿ ಪಾಲಿಥೀನ್ ಬಟ್ಟಲಿಗೆ ಬದಲಾದ ಮೇಲೆ ಕೆಲಸ ಕೈಹಿಡಿಯಿತು. ಮಂಡಿ ಅಷ್ಟು ಸುಲಭವಾಗಿ ಬಗ್ಗಲಿಲ್ಲ, ಏಕೆಂದರೆ ಅದು ಮಡಚುವಾಗ ಉರುಳುತ್ತದೆ, ಜಾರುತ್ತದೆ, ತುಸು ತಿರುಗುತ್ತದೆ ಕೂಡ. ಇಂದಿನ ಮಂಡಿಗಳ ಮೂಲಮಾದರಿ ನ್ಯೂಯಾರ್ಕಿನಲ್ಲಿ 1974ರ ಹೊತ್ತಿಗೆ ಸಿದ್ಧವಾಯಿತು. ಅದನ್ನು ರೂಪಿಸಿದ ಜಾನ್ ಇನ್ಸಾಲ್ ಅವರ ತಂಡದಲ್ಲಿ ಭಾರತದ ಡಾ. ಚಿತ್ತರಂಜನ್ ರಾಣಾವತ್ ಇದ್ದರು.

ಅದೇ ರಾಣಾವತ್ ಅವರು 2000ದ ಅಕ್ಟೋಬರ್‌ನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಪ್ರಧಾನಿ ವಾಜಪೇಯಿಯವರ ಎಡ ಮಂಡಿಯನ್ನೂ 2001ರ ಜೂನ್‌ನಲ್ಲಿ ಬಲ ಮಂಡಿಯನ್ನೂ ಬದಲಿಸಿದರು. ಹೀಗೊಂದು ಆಪರೇಷನ್ ಇದೆ ಎಂದು ನಮ್ಮ ಬೀದಿಗೆ ಗೊತ್ತಾದದ್ದೇ ಆಗ. ಪ್ರಧಾನಿಗೇ ಮಾಡಿದರಂತೆ ಎಂದು ಮಗ್ಗದ ಸದ್ದಿನ ನಡುವೆಯೂ ಕೂಗಿ ಹೇಳಿಕೊಂಡರು. ಅಮ್ಮನಿಗೆ ಅಷ್ಟು ಹೊತ್ತಿಗೆ ಕಾಲು ತೀರಾ ಬಾಗಿ, ತೊಡೆಯ ಮಾಂಸ ಇಳಿದುಹೋಗಿತ್ತು. ಖರ್ಚು ಕೇಳಿದರೆ ಮಗ್ಗವನ್ನೇ ಮಾರಬೇಕು. ಯಾವಾಗ ಎಂಬುದನ್ನು ನೋವು ಹೇಳಲಿಲ್ಲ, ದುಡ್ಡು ಹೇಳಿತು.

ದುಡ್ಡಿನ ಲೆಕ್ಕ ಬದಲಾದದ್ದು 2017ರ ಆಗಸ್ಟ್‌ನಲ್ಲಿ. ಒಂದೂವರೆ ಲಕ್ಷ ದಾಟುತ್ತಿದ್ದ ಸಾಮಾನ್ಯ ಕೃತಕ ಮಂಡಿಗೆ ಕೇಂದ್ರ ಸರ್ಕಾರ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಆಸ್ಪತ್ರೆಯ ಉಳಿದ ಖರ್ಚು ಬೇರೆಯೇ, ಆದರೂ ಮಧ್ಯಮ ವರ್ಗದ ಮನೆ ಧೈರ್ಯ ಮಾಡುವಂತಾಯಿತು. ಅರವತ್ತೈದರವರೆಗೆ ಕಾಯಿರಿ, ಕೃತಕ ಮಂಡಿ ಬೇಗ ಸವೆಯುತ್ತದೆ ಎಂಬ ಹಳೆಯ ಮಾತೂ ಸಡಿಲವಾಯಿತು. ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು.

ನನ್ನ ಸರದಿ ಬಂದಾಗ ಬೆಂಗಳೂರಿನ ಡಾಕ್ಟರು ಎಕ್ಸ್‌ರೇ ನೋಡುವ ಮೊದಲು ಕೇಳಿದ್ದು ಹೀಗೆ: ‘ರಾತ್ರಿ ನೋವಿಗೆ ಎಚ್ಚರ ಆಗುತ್ತಾ ಅಮ್ಮ? ಮಾತ್ರೆ ಇಲ್ಲದೆ ಎಷ್ಟು ದೂರ ನಡೀತೀರಿ? ಎಲ್ಲೆಲ್ಲಿಗೆ ಹೋಗೋದು ಬಿಟ್ಟಿದ್ದೀರಿ?’ ಒಬ್ಬರ ಎಕ್ಸ್‌ರೇ ಕೆಟ್ಟದಾಗಿದ್ದರೂ ನಡಿಗೆ ಚೆನ್ನಾಗಿರಬಹುದು, ಅವರು ಕಾಯಬಹುದು. ತೂಕ ಇಳಿಸಿ, ತೊಡೆಗೆ ವ್ಯಾಯಾಮ ಮಾಡಿ, ಕೆಲವರು ಎಷ್ಟೋ ವರ್ಷ ಆಪರೇಷನ್ ಇಲ್ಲದೆ ನಡೆಸುತ್ತಾರೆ. ನಾನೂ ಮೊದಲು ಅದನ್ನೇ ಮಾಡಿದೆ. ರಾತ್ರಿಯ ನಿದ್ದೆ ಹೋಗಿ, ಮಾತ್ರೆಯಿಂದ ಹೊಟ್ಟೆ ಕೆಟ್ಟು, ಬಾಗಿಲಾಚೆಯ ಬದುಕು ಅಂಗಳಕ್ಕೆ ಇಳಿದಾಗ ಒಪ್ಪಿಕೊಂಡೆ. ಅದಕ್ಕೂ ಮುಂಚೆ ಸಕ್ಕರೆ ಹತೋಟಿಗೆ ಬರಬೇಕಾಯಿತು, ಹಲ್ಲಿನ ಸೋಂಕು ಇಲ್ಲವೆಂದು ಖಾತ್ರಿಯಾಗಬೇಕಾಯಿತು. ಕುಕ್ಕರುಗಾಲಲ್ಲಿ ಕೂರುವುದು ಮುಗಿಯಿತು, ಕಮೋಡ್ ಹಾಕಿಸಿ ಎಂದೂ ಹೇಳಿದರು. ಆಪರೇಷನ್ನಿನ ಮಾರನೆಯ ದಿನವೇ ನಡೆಸಿದರು. ಮಂಡಿ ಮಡಚುವ ವ್ಯಾಯಾಮ ಕಣ್ಣೀರು ಬರಿಸಿತು, ಆದರೆ ಅದು ದಿನದಿನಕ್ಕೆ ಕಡಿಮೆಯಾಗುವ ನೋವು. ಎಲ್ಲರಿಗೂ ಹೀಗೇ ಆಗುವುದಿಲ್ಲ. ಮಾಡಿಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ಪೂರ್ತಿ ಸಮಾಧಾನ ಸಿಗುವುದಿಲ್ಲ. ಅದನ್ನು ತಿಳಿದೇ ಒಪ್ಪಬೇಕು.

ಅವಸರ ಬೇಡ, ಆದರೆ ಕಾಲು ಸೊಟ್ಟಗಾಗಿ ಮಾಂಸಖಂಡ ಕರಗುವವರೆಗೆ ಕಾಯುವುದೂ ಬೇಡ. ನಮ್ಮ ಕಡೆ ಹೆಂಗಸರು ಮಗಳ ಮದುವೆ ಆಗಲಿ, ಸೊಸೆಯ ಬಾಣಂತನ ಮುಗಿಯಲಿ, ಮಗ್ಗದ ಸಾಲ ತೀರಲಿ ಎಂದು ತಮ್ಮ ಮಂಡಿಯನ್ನು ಎಲ್ಲದರ ಕೊನೆಗೆ ಇಡುತ್ತಾರೆ. ಯಾವಾಗ ಎಂಬುದನ್ನು ನೋವು ಪಡುವವಳೇ ಹೇಳಬೇಕು. ಮನೆಯವರು, ಡಾಕ್ಟರು ಅದಕ್ಕೆ ಕಿವಿಗೊಡಬೇಕು. ನಿಮ್ಮ ತಾಯಿಯನ್ನೋ ಅತ್ತೆಯನ್ನೋ ಎಲ್ಲಿಗೆ ಹೋಗುವುದನ್ನು ಬಿಟ್ಟಿದ್ದೀರಿ ಎಂದು ಇವತ್ತೇ ಕೇಳಿ, ಅವರು ಹೇಳಿದ್ದನ್ನು ಡಾಕ್ಟರ ಮುಂದೆ ಅವರ ಬಾಯಿಂದಲೇ ಹೇಳಿಸಿ.